ಗಿರಾಕಿಯ ವೇಷದಲ್ಲಿ ಗಂಡು ನೋಡಿದ್ದು

ಬೆಂಡೆಕಾಯಿ ಕಂಡರೆ ಅದರ ತುದಿ ಮುರಿಯದೆ ನನಗೆ ಇರಲಾಗುವುದಿಲ್ಲ. ಕೊಳ್ಳುವುದಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಇವತ್ತು ಬೆಳಿಗ್ಗೆ ಡೊಂಬಿವಲಿ ಸ್ಟೇಷನ್ನಿನ ಸೇತುವೆ ಇಳಿದು ಬರುವಾಗ, ಮೆಟ್ಟಿಲ ಬುಡದಲ್ಲಿ ಕೂರುವ ತರಕಾರಿಯ ಹೆಂಗಸು ನನ್ನ ಕೈಗೆ ರಪ್ಪನೆ ಒಂದು ಕೊಟ್ಟಳು. "ಕಾಕಾ, ಮೋಡೂ ನಕಾ! ಘ್ಯಾಯಚಂ ಅಸೇಲ್ ತರ್ ಘ್ಯಾ." ಮುರಿಯಬೇಡಿ, ತಗೊಳ್ಳುವುದಿದ್ದರೆ ತಗೊಳ್ಳಿ ಎಂದು. ಅರವತ್ತರ ಹತ್ತಿರ ಬಂದ ಮನುಷ್ಯ ನಡುಬೀದಿಯಲ್ಲಿ ಪೆಟ್ಟು ತಿಂದು, ಬೇಡವಾಗಿದ್ದ ಅರ್ಧ ಕಿಲೋ ಬೆಂಡೆಕಾಯಿ ಹೊತ್ತುಕೊಂಡು ಮನೆಗೆ ಬಂದೆ. ಹೆಂಡತಿ ಸುಮಿತ್ರಾ ಚೀಲಕ್ಕೆ ಇಣುಕಿ, "ನಿನ್ನೆಯದ್ದೇ ಉಂಟಲ್ಲ ಮಾರಾಯ್ರೆ" ಎಂದಳು. ನಾನು ಪೇಪರು ಅಡ್ಡ ಹಿಡಿದೆ.

ಇದು ಅಪ್ಪನಿಂದ ಬಂದ ಆಸ್ತಿ. ಅಪ್ಪ ಕುಂದಾಪುರದ ಕಡೆಯಿಂದ ಬಂದು ಡೊಂಬಿವಲಿಯಲ್ಲಿ ಸಣ್ಣದೊಂದು ಇಡ್ಲಿ-ಸಾಂಬಾರಿನ ಹೋಟೆಲು ಇಟ್ಟವರು. ಬೆಳಕು ಹರಿಯುವ ಮೊದಲು ಪಕ್ಕದ ಊರು ಕಲ್ಯಾಣದ ತರಕಾರಿ ಮಾರ್ಕೆಟ್ಟಿಗೆ ಹೊರಡುವಾಗ ರಜೆಯ ದಿನಗಳಲ್ಲಿ ನನ್ನನ್ನೂ ಎಬ್ಬಿಸಿ ಕರೆದುಕೊಂಡು ಹೋಗುತ್ತಿದ್ದರು. ಬೆಂಡೆ ಚಟ್ಟೆಂದು ಮುರಿದರೆ ಎಳೆಯದು, ಬಾಗಿದರೆ ಬಲಿತದ್ದು. ಬದನೆಯನ್ನು ಕೈಯಲ್ಲಿಟ್ಟು ತೂಗಿ ನೋಡಬೇಕು, ಹಗುರವಿದ್ದರೆ ಒಳಗೆ ಬೀಜ ಕಡಿಮೆ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಕುಲುಕಬೇಕು. ನನಗೆ ಶಾಲೆಯಲ್ಲಿ ಕಲಿಸಿದ್ದು ಒಂದೂ ನೆನಪಿಲ್ಲ, ಇದೆಲ್ಲ ನೆನಪಿದೆ. ಅಪ್ಪ ಹೋದ ಮೇಲೆ ಹೋಟೆಲು ನನ್ನ ಪಾಲಿಗೆ ಬಂತು, ಮಾರ್ಕೆಟ್ಟೂ ಬಂತು.

ಸಂಜೆಯ ಹೊತ್ತು ನಾನೂ ತಂಗಿ ವಾಸಂತಿಯೂ ನೆಲಕ್ಕೆ ಹಳೆಯ ಪೇಪರು ಹಾಸಿ ಬೀನ್ಸಿನ ನಾರು ತೆಗೆಯುತ್ತಿದ್ದೆವು. ಮರುದಿನದ ಸಾಗುವಿಗೆ. ನಾನು ಎಳೆಯದನ್ನೆಲ್ಲ ನನ್ನ ಕಡೆ ಎಳೆದುಕೊಂಡು, ನಾರಿರುವುದನ್ನು ಅವಳ ಕಡೆ ತಳ್ಳುತ್ತಿದ್ದೆ. ಅವಳಿಗೆ ಅದರ ಗೊಡವೆಯೇ ಇಲ್ಲ. ಕೊತ್ತಂಬರಿಯ ಬೇರನ್ನು ಕಿವಿಗೆ ಸಿಕ್ಕಿಸಿಕೊಂಡು, "ಅಣ್ಣ, ಜುಮಕಿ ಹೇಗುಂಟು?" ಎಂದು ತಲೆ ಅಲ್ಲಾಡಿಸುವಳು. ಕೈಗೆ ಹಿಡಿದ ಹೋಟೆಲಿನ ಇಂಗಿನ ವಾಸನೆ ಮರುದಿನ ಶಾಲೆಗೂ ನಮ್ಮ ಜೊತೆ ಬರುತ್ತಿತ್ತು. ಮರಾಠಿ ಹುಡುಗರು ನನ್ನನ್ನು ಸಾಂಬಾರ್ ಎಂದೇ ಕರೆಯುತ್ತಿದ್ದರು. ಅವರಲ್ಲಿ ಕೆಲವರು ಈಗ ನಮ್ಮ ಖಾಯಂ ಗಿರಾಕಿಗಳು.

ಮಾತು ಎಲ್ಲಿಗೋ ಹೋಯಿತು. ಈ ಚಟ ನನ್ನ ಮಾನವನ್ನು ಇಂಗ್ಲೆಂಡಿನವರೆಗೂ ಹೋಗಿ ಕಳೆದದ್ದನ್ನು ನಿಮಗೆ ಹೇಳಿಲ್ಲ, ಅಲ್ಲವೇ?

ವಾಸಂತಿ ನರ್ಸಿಂಗ್ ಓದಿದಳು. ಮದುವೆಯಾಗಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆಂದು ಇಂಗ್ಲೆಂಡಿಗೆ ಹೋದರು. ಮಕ್ಕಳಾಗಲಿಲ್ಲ. ಭಾವ ಒಂದು ದಿನ ಆಸ್ಪತ್ರೆಯ ಡ್ಯೂಟಿಗೆ ಹೊರಟವರು ಬಾಗಿಲಲ್ಲೇ ಕುಸಿದು ಹೋಗಿಬಿಟ್ಟರು. ಅಂದಿನಿಂದ ನಾವು "ಬಾ" ಎನ್ನುವುದು, ಅವಳು "ಬರ್ತೇನೆ" ಎನ್ನುವುದು. ಇದೇ ನಡೆದಿತ್ತು. ಎರಡು ವರ್ಷದ ಹಿಂದೆ ಒಂದು ಭಾನುವಾರ ಫೋನು ಮಾಡಿದಳು.

"ಅಣ್ಣ, ಒಂದು ವಿಷಯ ಉಂಟು. ಕೋಪ ಮಾಡ್ಬೇಡ."

"ಮೊದಲು ಹೇಳು. ಕೋಪದ ವಿಷಯ ಆಮೇಲೆ ನೋಡುವ."

"ಇಲ್ಲಿ ಒಬ್ಬರಿದ್ದಾರೆ. ಪೀಟರ್ ಅಂತ. ಅವರ ಹೆಂಡತಿಯೂ ತೀರಿಹೋಗಿದ್ದಾರೆ. ಸಂತೆಯಲ್ಲಿ ತರಕಾರಿ ಅಂಗಡಿ ಹಾಕ್ತಾರೆ."

ಅವಳು ಮುಂದೆ ಹೇಳಬೇಕಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಮ್ಮನ ಕಿವಿ ಚುರುಕು. ಮಗಳು ಐವತ್ತರ ಮೇಲೆ ಮದುವೆಯಾಗುತ್ತಾಳೆ ಎಂಬುದಕ್ಕೂ ಬೆಚ್ಚಲಿಲ್ಲ, ಬಿಳಿಯ ಎಂಬುದಕ್ಕೂ ಬೆಚ್ಚಲಿಲ್ಲ. "ತರಕಾರಿ ಮಾರುವವನಾ?" ಎಂದಳು.

"ನಾವೆಂತ ಅಮ್ಮ ಮಾಡುದು? ಅದನ್ನೇ ಬೇಯಿಸಿ ಮಾರುದು" ಎಂದೆ.

"ನಿನಗೆ ಎಲ್ಲದಕ್ಕೂ ತಮಾಷೆ. ಹೋಗಿ ನೋಡಿ ಬಾ. ಅಪ್ಪ ಇದ್ದಿದ್ರೆ ಅವರು ಹೋಗ್ತಿದ್ರು. ನೀನು ಹೂಂ ಅಂದ್ರೆ ಹೂಂ, ಇಲ್ಲ ಅಂದ್ರೆ ಇಲ್ಲ."

ವಾಸಂತಿಯೂ ಆ ಕಡೆಯಿಂದ ಅದನ್ನೇ ಅಂದಳು. "ನೀನು ಬೇಡ ಅಂದ್ರೆ ನಾನು ಆಗುದಿಲ್ಲ ಅಣ್ಣ. ದೇವರಾಣೆ." ಇಷ್ಟು ದೊಡ್ಡ ಅಧಿಕಾರ ನನಗೆ ಯಾರೂ ಕೊಟ್ಟಿರಲಿಲ್ಲ. ಮನೆಯಲ್ಲಿ ಟಿವಿ ಚಾನಲ್ ಬದಲಿಸುವುದಕ್ಕೂ ನಾನು ಕೇಳಬೇಕು.

ನಿಮ್ಮಲ್ಲಿ ಮುಚ್ಚುಮರೆ ಏಕೆ? ನಾನು ವಿಮಾನ ಹತ್ತುವಾಗಲೇ ಮನಸ್ಸಿನಲ್ಲಿ "ಬೇಡ" ಎಂದು ಇಟ್ಟುಕೊಂಡೇ ಹತ್ತಿದ್ದೆ. ಅವಳು ಅಲ್ಲಿ ಮದುವೆಯಾದರೆ ಇನ್ನು ಡೊಂಬಿವಲಿಗೆ ಬರುವವಳಲ್ಲ. ಆ ಮನುಷ್ಯನಲ್ಲಿ ಏನಾದರೂ ಒಂದು ಕುಂದು ಹುಡುಕಿ, ತಂಗಿಯನ್ನು ಕರೆದುಕೊಂಡು ಬರುವುದು ನನ್ನ ಯೋಜನೆ. ಮನುಷ್ಯನೆಂದ ಮೇಲೆ ಒಂದಾದರೂ ಕುಂದು ಇರದೆ ಹೋಗುತ್ತದೆಯೇ?

ಹೊರಡುವ ಹಿಂದಿನ ದಿನ ಕಲ್ಯಾಣದ ಮಾರ್ಕೆಟ್ಟಿನಲ್ಲಿ ಹಮಾಲಿ ಶರಣಪ್ಪ ನನ್ನ ಚೀಲಗಳನ್ನು ಟೆಂಪೋಗೆ ಎತ್ತುತ್ತಾ, "ಅಣ್ಣಾರ, ಇಂಗ್ಲೆಂಡಿನ್ಯಾಗ ಹಮಾಲ್ರು ಇರ್ತಾರೇನ್ರೀ?" ಎಂದ. ವಿಜಯಪುರದ ಕಡೆಯವನು.

"ನೋಡಿ ಬಂದು ಹೇಳ್ತೇನೆ ಮಾರಾಯ."

"ಇದ್ರ ನನಗೂ ಒಂದು ಜಾಗ ಹಿಡದು ಬರ್ರಿ ಮತ್ತ. ಈ ಉಳ್ಳಾಗಡ್ಡಿ ಚೀಲ ಹೊತ್ತು ಹೊತ್ತು ಕುತ್ತಿಗಿನ ಒಳಗ ಹೋಗೇತಿ."

ವಾಸಂತಿ ಇರುವುದು ಲಂಡನ್ನಿನಲ್ಲಲ್ಲ. ಅಲ್ಲಿಂದ ರೈಲು, ರೈಲಿನಿಂದ ಬಸ್ಸು. ಬಸ್ಸು ಎರಡು ಕಡೆ ಬೇಲಿಯಿರುವ ಸಪೂರ ದಾರಿಯಲ್ಲಿ, ಕುರಿಗಳು ಮೇಯುವ ಗುಡ್ಡಗಳ ನಡುವೆ ಹೋಗುತ್ತದೆ. ಕುರಿಗಳು ಬಿಟ್ಟರೆ ಬೇರೆ ಜನ ಕಾಣಲಿಲ್ಲ. ದಿವಾ ಸ್ಟೇಷನ್ನಿನಲ್ಲಿ ಲೋಕಲ್ ರೈಲಿಗೆ ನೇತಾಡಿ ಬೆಳೆದ ನನಗೆ, ಇಷ್ಟು ಖಾಲಿ ಜಾಗ ನೋಡಿ ಒಳಗೊಳಗೆ ಸಂಕಟವೇ ಆಯಿತು. ಇಲ್ಲಿ ಬಿದ್ದರೆ ಎತ್ತುವವರು ಯಾರು?

ಊರು ಮಾತ್ರ ಚೆಂದವಿತ್ತು, ಬಸ್ಸು ನಿಲ್ಲುವಲ್ಲಿ ವಾಸಂತಿ ಕಾಯುತ್ತಿದ್ದಳು. ಜೇನು ಬಣ್ಣದ ಕಲ್ಲಿನ ಮನೆಗಳು, ಒಂದರ ಹೆಗಲಿಗೆ ಒಂದು ಒರಗಿಕೊಂಡಿವೆ. ನಡುವೆ ಚೌಕ. ಚೌಕದ ಮಧ್ಯೆ ದಪ್ಪ ಕಂಬಗಳ ಮೇಲೆ ನಿಂತ ಒಂದು ಹಳೆಯ ಸಂತೆಕಟ್ಟೆ, ಅದರ ಕಲ್ಲುಹಾಸು ಸವೆದು ತಟ್ಟೆಯಂತೆ ಗುಳಿಬಿದ್ದಿದೆ. ಪಕ್ಕದಲ್ಲಿ ಒಂದು ಬೋರ್ಡು. ಯಾವುದೋ ಕಾಲದ ರಾಜ ಇಲ್ಲಿ ಗುರುವಾರ ಸಂತೆ ಕೂಡಿಸಬಹುದು ಎಂದು ಅಪ್ಪಣೆ ಕೊಟ್ಟಿದ್ದನಂತೆ, ಇವತ್ತಿಗೂ ಗುರುವಾರವೇ ಸಂತೆ. "ನೋಡು ಅಣ್ಣ, ಎಷ್ಟು ಹಳೆಯ ಊರು!" ಎಂದು ವಾಸಂತಿ ತಾನೇ ಕಟ್ಟಿಸಿದವಳ ಹಾಗೆ ಹೇಳಿದಳು.

"ನಮ್ಮ ಕಲ್ಯಾಣ ಇದಕ್ಕಿಂತ ಹಳೆಯದು. ಹಡಗು ಬರ್ತಿದ್ದ ಕಾಲದ್ದು."

"ಹಾಗಾದ್ರೆ ಬೋರ್ಡು ಯಾಕೆ ಹಾಕುದಿಲ್ಲ?"

"ಹಾಕ್ಲಿಕ್ಕೆ ಗೋಡೆ ಖಾಲಿ ಬೇಕಲ್ಲ. ಎಲ್ಲ ಕಡೆ ಕೋಚಿಂಗ್ ಕ್ಲಾಸಿನವರ ಪೋಸ್ಟರು."

ಅವಳು ನಕ್ಕಳು. ಕೊತ್ತಂಬರಿ ಜುಮಕಿಯ ನಗುವೇ. ಇವಳನ್ನು ಇಲ್ಲಿ ಬಿಟ್ಟು ಹೋಗುವುದಾದರೂ ಹೇಗೆ?

ಈಗ ಗಂಡು ನೋಡುವ ವಿಷಯ. ನಮ್ಮ ಹೋಟೆಲಿನವರಲ್ಲಿ ಇದಕ್ಕೆ ಒಂದು ಪದ್ಧತಿ ಇದೆ. ಉಪ್ಪಿಟ್ಟು ಕೇಸರಿಬಾತು ಇಟ್ಟು ಕೂರಿಸಿ ನೋಡಿದರೆ ಯಾವ ಗಂಡೂ ದೇವರಂತೆಯೇ ಕಾಣುತ್ತಾನೆ. ಅದಕ್ಕೆ ಹೇಳದೆ ಕೇಳದೆ ಅವನ ಹೋಟೆಲಿಗೆ ಹೋಗಿ, ಮೂಲೆಯ ಟೇಬಲ್ಲಿನಲ್ಲಿ ಗಿರಾಕಿಯಂತೆ ಕೂತು, ಒಂದು ಚಹಾ ಕುಡಿದು ಬರಬೇಕು. ಹಿಂದೆ ಒಮ್ಮೆ ಚಿಕ್ಕಪ್ಪನ ಮಗಳಿಗೆ ಠಾಣೆಯ ಮಾಜಿವಾಡಾದಿಂದ ಒಂದು ಸಂಬಂಧ ಬಂದಿತ್ತು. ಅಪ್ಪ ನನ್ನನ್ನು ಕರೆದುಕೊಂಡು ಹುಡುಗನ ಹೋಟೆಲಿಗೆ ಹೋಗಿ ವಡೆ ತರಿಸಿದರು. ಹುಡುಗ ಗಲ್ಲಾದಲ್ಲಿ ಕೂತಿದ್ದ. ನೋಡಲು ರಾಜಕುಮಾರ. ಅಷ್ಟರಲ್ಲಿ ವೇಟರ್ ಒಬ್ಬನ ಕೈಯಿಂದ ಗ್ಲಾಸು ಜಾರಿ ಒಡೆಯಿತು. ಹುಡುಗ ತಲೆ ಎತ್ತದೆಯೇ, "ಅದನ್ನು ಇವನ ಸಂಬಳದಲ್ಲಿ ಹಿಡಿ" ಎಂದ. ಅಪ್ಪ ಅರ್ಧ ವಡೆ ಬಿಟ್ಟು ಎದ್ದರು. ಜೀವಮಾನದಲ್ಲಿ ಅವರು ತಟ್ಟೆಯಲ್ಲಿ ತಿಂಡಿ ಬಿಟ್ಟದ್ದು ಅದೊಂದೇ ಸಲ.

ನಾನೂ ಹಾಗೆಯೇ ಮಾಡಬೇಕೆಂದು ತೀರ್ಮಾನಿಸಿದೆ. ಪೀಟರ್ ಗುರುವಾರ ಸಂತೆ ಮುಗಿಸಿ ಮಧ್ಯಾಹ್ನ ಮನೆಗೆ ಊಟಕ್ಕೆ ಬರುವುದೆಂದು ನಿಶ್ಚಯವಾಗಿತ್ತು. ಬೆಳಿಗ್ಗೆ ವಾಸಂತಿ ಸಾಂಬಾರಿಗೆ ಬೇಳೆ ತೊಳೆಯುತ್ತಿರುವಾಗ, "ಸ್ವಲ್ಪ ಕಾಲಾಡಿಸಿ ಬರ್ತೇನೆ" ಎಂದು ಹೊರಟೆ. ಗುರುತು ಸಿಗಬಾರದೆಂದು ಮಂಕಿ ಕ್ಯಾಪು ಹಾಕಿಕೊಂಡೆ. ಕೈಯಲ್ಲಿ ಡೊಂಬಿವಲಿಯ ಬಂಗಾರದಂಗಡಿಯ ಹೆಸರು ಅಚ್ಚಾದ ಬಟ್ಟೆಯ ಚೀಲ. ಆ ಇಡೀ ಚೌಕದಲ್ಲಿ ನನ್ನ ಬಣ್ಣದ ಮನುಷ್ಯ ನಾನೊಬ್ಬನೇ, ಅದರ ಮೇಲೆ ವಾಸಂತಿಯದ್ದೂ ನನ್ನದೂ ಒಂದೇ ಅಚ್ಚಿನ ಮೂಗು. ಇದು ಯಾವುದೂ ನನಗೆ ಹೊಳೆಯಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಸಂತೆ ಚೆನ್ನಾಗಿತ್ತು. ಬ್ರೆಡ್ಡು, ಚೀಸು, ಹೂವಿನ ಸಸಿ, ಹಳೆಯ ಕಪ್ಪು-ಬಸಿ. ಯಾರೂ ಕೂಗುವುದಿಲ್ಲ. ನಾಯಿಗಳು ಕೂಡ ಬೊಗಳುವುದಿಲ್ಲ. ಉಲ್ಹಾಸನಗರದ ಬಜಾರಿನಲ್ಲಿ ಒಂದು ಗಲ್ಲಿ ದಾಟುವಷ್ಟರಲ್ಲಿ ಕಿವಿ ತುಂಬಿಸಿಕೊಂಡು ಬರುವ ನನಗೆ ಇದು ಸಂತೆಯೋ ಶ್ರಾದ್ಧದ ಮನೆಯೋ ತಿಳಿಯಲಿಲ್ಲ. ಸಂತೆಕಟ್ಟೆಯ ಒಂದು ಕಂಬದ ಪಕ್ಕ ತರಕಾರಿ ಅಂಗಡಿ. ಬಿಳಿ ಗಡ್ಡದ, ಎತ್ತರದ ಮನುಷ್ಯ ತಾನೇ ವ್ಯಾನಿನಿಂದ ಕ್ರೇಟುಗಳನ್ನು ಹೊತ್ತು ತಂದು ಇಳಿಸುತ್ತಿದ್ದ. ಶರಣಪ್ಪನಿಗೆ ಇಲ್ಲಿ ಕೆಲಸವಿಲ್ಲ ಎಂದು ಅಲ್ಲೇ ಗೊತ್ತಾಯಿತು.

ಅಂಗಡಿಯ ಮುಂದೆ ಉದ್ದನೆಯ, ಅಗಲ ಬೀನ್ಸಿನ ರಾಶಿ ಇತ್ತು. ಅಷ್ಟು ಹಸಿರು ಬೀನ್ಸನ್ನು ನಾನು ಕಲ್ಯಾಣದಲ್ಲಿ ಕಂಡಿಲ್ಲ. ಸೀದಾ ಹೋಗಿ ಒಂದು ಎತ್ತಿ ಚಟ್ಟೆಂದು ಮುರಿದೆ. ಎಳೆಯದು. ರಾಶಿಯ ಕೆಳಗಿನಿಂದ ಇನ್ನೊಂದು ಎಳೆದು ಮುರಿದೆ, ವ್ಯಾಪಾರಿ ಮೇಲೆ ಚೆಂದದ್ದನ್ನು ಇಟ್ಟು ಕೆಳಗೆ ಬಲಿತದ್ದನ್ನು ಅಡಗಿಸಿರುತ್ತಾನೆ ಎಂದು ಅಪ್ಪನ ಪಾಠ. ಅದೂ ಎಳೆಯದು. ಬದಿಯಿಂದ ಒಂದು. ನಾಲ್ಕನೆಯದಕ್ಕೆ ಕೈ ಹಾಕಿದಾಗ ಬೆನ್ನ ಹಿಂದೆ ಯಾರೋ ಕೆಮ್ಮಿದರು. ತಿರುಗಿ ನೋಡಿದರೆ ಸಾಲು! ಬುಟ್ಟಿ ಹಿಡಿದ ಅಜ್ಜಿಯರು, ಅಜ್ಜಂದಿರು, ಒಂದು ಮಗು, ಒಂದು ಕಪ್ಪು ನಾಯಿ, ಎಲ್ಲರೂ ಶಿಸ್ತಾಗಿ ನಿಂತು ನನ್ನನ್ನೇ ನೋಡುತ್ತಿದ್ದಾರೆ. ನಾನು ಸಾಲನ್ನು ಸೀಳಿಕೊಂಡು ಬಂದು ಊರಿನ ಬೀನ್ಸನ್ನೆಲ್ಲ ಮುರಿಯುತ್ತಾ ನಿಂತಿದ್ದೆ. ಅಯ್ಯೋ ದೇವರೇ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಬಿಳಿ ಗಡ್ಡದವನು ನನ್ನನ್ನೊಮ್ಮೆ, ನನ್ನ ಚೀಲವನ್ನೊಮ್ಮೆ ನೋಡಿದ. ನಾನು ಬೈಗುಳಕ್ಕೆ ಕಾದೆ. ಬೈದರೆ ಒಳ್ಳೆಯದೇ, ಕುಂದು ಸಿಕ್ಕಿತು, ಅರ್ಧ ವಡೆ ಬಿಟ್ಟು ಏಳಬಹುದು. ಅವನು ಸಾಲಿನವರ ಕಡೆ ತಿರುಗಿ, "ಇವರಿಗೆ ಬೀನ್ಸ್ ಗೊತ್ತು, ಸ್ವಲ್ಪ ತಡೆಯಿರಿ" ಎಂದು ಇಂಗ್ಲಿಷಿನಲ್ಲಿ ಹೇಳಿದ. ಆಮೇಲೆ ನನಗೆ, "ನಿಧಾನವಾಗಿ ಆರಿಸಿಕೊಳ್ಳಿ." ಎಲ್ಲರೂ ನಕ್ಕರು, ಕೆಮ್ಮಿದ ಅಜ್ಜಿಯೂ ನಕ್ಕಳು. ನಾನು ಬೆವರುತ್ತಾ ಒಂದಷ್ಟು ಆರಿಸಿಕೊಟ್ಟೆ. ಅವನು ತೂಗಿ ಚೀಲಕ್ಕೆ ಸುರಿದ. ಮಾನ ಹೋದರೂ ಚಟ ಹೋಗುವುದುಂಟೇ? ಬಾಯಿ ತಪ್ಪಿ ಕೊಸರು ಕೇಳಿಬಿಟ್ಟೆ, ಸ್ವಲ್ಪ ಕೊತ್ತಂಬರಿ ಹಾಕಿ ಎಂದು. ಅವನು ಒಂದು ಕಟ್ಟು ಕೊತ್ತಂಬರಿಯನ್ನು ಚೀಲದ ಮೇಲಿಟ್ಟು, ಎರಡು ಕೈಯಿಂದ ಚೀಲವನ್ನು ನನಗೆ ಕೊಡುತ್ತಾ ಹೇಳಿದ.

"ಥ್ಯಾಂಕ್ಯೂ, ಅಣ್ಣ."

ಮನೆಗೆ ಹೇಗೆ ಬಂದೆನೋ ನೆನಪಿಲ್ಲ. ವಾಸಂತಿ ಬಾಗಿಲು ತೆಗೆದವಳು ಕ್ಯಾಪು, ಚೀಲ, ಮುಖ ಮೂರನ್ನೂ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಣ್ಣ, ನೀನು ಗಿರಾಕಿಯಾಗಿ ಬಂದೇ ಬರ್ತಿ ಅಂತ ನಾನು ಅವರಿಗೆ ಮೊದಲೇ ಹೇಳಿದ್ದೆ ಮಾರಾಯ. ನಮ್ಮ ಅಪ್ಪನ ಮಗ ಅಲ್ವಾ ನೀನು!"

ಇದು ಮೋಸ ಎಂದು ನಾನು ಜಗಳ ಕಾಯ್ದೆ. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕಿದ ಮೇಲೆ ಪರೀಕ್ಷೆ ಎಂಥದ್ದು? ಅವನು ಒಳ್ಳೆಯವನಂತೆ ನಟಿಸಿರಬಹುದು. ಕುಂದು ಹುಡುಕುವ ಕೆಲಸ ಮತ್ತೆ ಮೊದಲಿನಿಂದ ಶುರುವಾಯಿತು.

ಪೀಟರ್ ಊಟಕ್ಕೆ ಬಂದ. ಶೂ ಬಾಗಿಲಲ್ಲೇ ಬಿಟ್ಟ. ಬೀನ್ಸ್ ಪಲ್ಯ, ಸಾಂಬಾರು, ಅನ್ನ, ಹಪ್ಪಳ. ಚಮಚದಲ್ಲಿ ತಿಂದ, ತಿನ್ನಲಿ. ಸಾಂಬಾರಿಗೆ ಕೆಮ್ಮಿದ, ಕೆಮ್ಮಲಿ. ಹೆಚ್ಚು ಮಾತಿಲ್ಲ, ಇದ್ದರೂ ನನ್ನ ಇಂಗ್ಲಿಷು ಅದಕ್ಕೆ ಸಾಲದು. ನಾನು ಹೋಟೆಲಿನವನು, ಉಣ್ಣುವುದು ಗಾಡಿ ಹಿಡಿಯುವವರಂತೆ. ನಮ್ಮ ಮನೆಯಲ್ಲಿ ಎಲ್ಲರೂ ಹಾಗೆಯೇ, ವಾಸಂತಿ ಒಬ್ಬಳನ್ನು ಬಿಟ್ಟು. ಅವಳು ಚಿಕ್ಕಂದಿನಿಂದ ಒಂದೊಂದೇ ಅಗುಳು ಎಣಿಸುವಂತೆ ಉಣ್ಣುವವಳು. ಅಪ್ಪ, ನಾನು, ಎಲ್ಲರೂ ಎದ್ದು ಕೈ ತೊಳೆದು ಹೋದ ಮೇಲೂ ಅವಳು ತಟ್ಟೆಯ ಮುಂದೆ ಒಬ್ಬಳೇ ಇರುತ್ತಿದ್ದಳು. ಭಾವನೂ ಡ್ಯೂಟಿಯ ಅವಸರದವರು. ಆ ದಿನವೂ ನನ್ನದು ಮುಗಿಯಿತು, ಎದ್ದೆ, ಸಿಂಕಿನಲ್ಲಿ ಕೈ ತೊಳೆದು ಬಟ್ಟೆಗೆ ಒರೆಸಿಕೊಳ್ಳುತ್ತಾ ತಿರುಗಿದೆ.

ಪೀಟರ್ ಎದ್ದಿರಲಿಲ್ಲ. ಅವನ ತಟ್ಟೆ ಯಾವಾಗಲೋ ಖಾಲಿಯಾಗಿತ್ತು. ಚಮಚ ಬದಿಗಿಟ್ಟು, ಕೈ ಕಟ್ಟಿ, ಬೀನ್ಸಿನ ಬೆಳೆಗೆ ಬಂದ ಮಳೆಯ ಬಗ್ಗೆ ಏನೋ ಹೇಳುತ್ತಾ ಕೂತಿದ್ದ. ವಾಸಂತಿ ಮಜ್ಜಿಗೆ ಅನ್ನ ಕಲಸುತ್ತಿದ್ದಳು, ಒಂದು ಚೂರೂ ಅವಸರವಿಲ್ಲದೆ. ಅವಳು ಕೊನೆಯ ತುತ್ತು ಮುಗಿಸುವವರೆಗೂ ಅವನು ಕೂತೇ ಇದ್ದ. ಇಬ್ಬರಿಗೂ ಅದು ವಿಶೇಷವೆಂದು ಅನ್ನಿಸಿದಂತೆ ಕಾಣಲಿಲ್ಲ. ಯಾವಾಗಲೂ ಹೀಗೆಯೇ ಎಂದು ನನಗೆ ಗೊತ್ತಾಯಿತು. ಇದನ್ನು ಯಾರೂ ಅವನಿಗೆ ಮೊದಲೇ ಹೇಳಿಕೊಟ್ಟಿರಲು ಸಾಧ್ಯವಿಲ್ಲ, ನನಗೇ ಇದು ಪರೀಕ್ಷೆ ಎಂದು ಆವರೆಗೆ ತಿಳಿದಿರಲಿಲ್ಲ. ನಾನು ಒದ್ದೆ ಬಟ್ಟೆ ಹಿಡಿದುಕೊಂಡು ಅಲ್ಲೇ ನಿಂತೆ. ನನಗೆ ತುಂಬಾ ಬೇಸರವಾಯಿತು, ಸಂತೋಷವೂ ಆಯಿತು. ತಂಗಿ ಇನ್ನು ಬರುವುದಿಲ್ಲ.

ಪೀಟರ್ ಹೋದ ಮೇಲೆ ಅಮ್ಮನಿಗೆ ಫೋನು ಮಾಡಿದೆ. ಅಲ್ಲಿ ದೇವರಿಗೆ ದೀಪ ಹಚ್ಚುವ ಹೊತ್ತು. ವಾಸಂತಿ ಪಾತ್ರೆ ತೊಳೆಯುವ ನೆಪದಲ್ಲಿ ಬೆನ್ನು ತಿರುಗಿಸಿ ನಿಂತಿದ್ದಳು, ನಲ್ಲಿ ಮಾತ್ರ ಬಿಟ್ಟಿರಲಿಲ್ಲ.

"ಹೇಗಿದ್ದಾನೆ?" ಎಂದಳು ಅಮ್ಮ.

ಜಾತಿ, ಮಾಂಸ, ಚರ್ಚು ಎಲ್ಲದಕ್ಕೂ ಉತ್ತರ ತಯಾರು ಮಾಡಿಕೊಂಡಿದ್ದೆ. ಅದೆಲ್ಲ ಬಿಟ್ಟು, "ಅವನ ಊಟ ಆದ್ರೂ ಏಳುದಿಲ್ಲ ಅಮ್ಮ. ಇವಳದ್ದು ಮುಗಿಯುವವರೆಗೆ ಎದುರಿಗೆ ಕೂತಿರ್ತಾನೆ" ಎಂದೆ.

ಲೈನು ಕಟ್ಟಾಯಿತೋ ಎಂದು ಎರಡು ಸಲ ಹಲೋ ಹಲೋ ಅಂದೆ.

"ಇದ್ದೇನೆ ಮಾರಾಯ" ಎಂದಳು ಅಮ್ಮ. "ನನ್ನ ಊಟ ಮುಗಿಯುವವರೆಗೆ ಯಾರಾದ್ರೂ ಕೂತದ್ದು ನನಗೆ ನೆನಪಿಲ್ಲ. ಅವಳಿಗಾದ್ರೂ ಸಿಗ್ಲಿ. ಹೂಂ ಅಂತ ಹೇಳು."

ವಾಸಂತಿ ನಲ್ಲಿ ಬಿಟ್ಟಳು, ಪೂರ್ತಿ.

ಮದುವೆ ಅಲ್ಲೇ ಆಫೀಸಿನಲ್ಲಿ ರಿಜಿಸ್ಟರ್ ಆಯಿತು, ನಾವೆಲ್ಲ ಫೋನಿನಲ್ಲಿ ನೋಡಿ ಅಕ್ಷತೆಯನ್ನು ಸ್ಕ್ರೀನಿಗೇ ಹಾಕಿದೆವು. ಅದಕ್ಕೂ ಮೊದಲು, ನಾನು ಡೊಂಬಿವಲಿಗೆ ವಾಪಸು ಬಂದ ಮೊದಲ ದಿನವೇ ಒಂದು ಸಂಗತಿ ಗಮನಿಸಿದೆ. ಅಮ್ಮ ಇವತ್ತಿಗೂ ಎಲ್ಲರದ್ದೂ ಆದ ಮೇಲೆ, ಅಡುಗೆಮನೆಯ ಮೂಲೆಯ ಸ್ಟೂಲಿನ ಮೇಲೆ ತಟ್ಟೆ ಮಡಿಲಲ್ಲಿಟ್ಟುಕೊಂಡು ಉಣ್ಣುವುದು. ಹುಟ್ಟಿದಂದಿನಿಂದ ನೋಡಿದ್ದರೂ ಕಂಡಿರಲಿಲ್ಲ. ನನ್ನದಾದ ಮೇಲೆ ಒಂದು ಕುರ್ಚಿ ಎಳೆದುಕೊಂಡು ಹೋಗಿ ಅವಳ ಎದುರು ಕೂತೆ. ಕೈ ಎಲ್ಲಿ ಇಟ್ಟುಕೊಳ್ಳಬೇಕೆಂದು ಗೊತ್ತಾಗಲಿಲ್ಲ. ಅಮ್ಮ ಎರಡು ತುತ್ತು ಉಂಡು ನನ್ನನ್ನು ಕೆಕ್ಕರಿಸಿ ನೋಡಿದಳು.

"ಎಂತ ಮಾರಾಯ, ನನ್ನ ಬಾಯಿ ನೋಡ್ತಾ ಕೂತದ್ದು? ಹೋಟೆಲಿನಲ್ಲಿ ಕೆಲಸ ಇಲ್ವಾ ನಿನಗೆ? ಹೋಗು."

ಅವಳ ತಟ್ಟೆಯಲ್ಲಿ ಇನ್ನೂ ಅನ್ನವಿತ್ತು. ನಾನು ಏಳಲಿಲ್ಲ.